ಬೇಲಂ ಒಳ್ಳೇದಾ ಬೊರ್ರಾ ಒಳ್ಳೇದಾ: ಎರಡೂ ಇಳಿದು ನೋಡಿದ್ಮೇಲೆ

ಸುಣ್ಣದ ಕಲ್ಲು ಅಂದ ತಕ್ಷಣ ನಮ್ಮ ಜನಕ್ಕೆ ಯಾಣ ನೆನಪಾಗುತ್ತೆ, ಆದ್ರೆ ಯಾಣದ ಗತ್ತೆಲ್ಲ ಆಕಾಶಕ್ಕೆ ಎದ್ದು ನಿಂತಿರೋ ಕಪ್ಪು ಬಂಡೆಗಳದ್ದು, ಗುಹೆಯದ್ದಲ್ಲ. ದಾಂಡೇಲಿ ಕಡೆ ಕವಳ ಗುಹೆ ಇದೆ, ಅದು ಚಿಕ್ಕದು. ಮೆಟ್ಟಿಲು, ಲೈಟು ಎಲ್ಲ ಇದ್ದು ಮನೆಯವರನ್ನೂ ಕರ್ಕೊಂಡು ಭೂಮಿ ಒಳಗೆ ಇಳೀಬೇಕು ಅಂದ್ರೆ ಪಕ್ಕದ ಆಂಧ್ರಾನೇ ಗತಿ, ಅಲ್ಲಿ ಸುಣ್ಣದ ಕಲ್ಲಿನ ಗುಹೆ ಎರಡಿವೆ, ಬೇಲಂ ಒಂದು, ಬೊರ್ರಾ ಒಂದು. ಬೇಲಂಗೆ ಫ್ರೆಂಡ್ಸ್ ಜೊತೆ ಕಾರಲ್ಲಿ ಹೋಗಿದ್ದೆ, ಬೊರ್ರಾಗೆ ಅದರ ಮುಂದಿನ ವರ್ಷ ಅಪ್ಪ ಅಮ್ಮನ್ನ ಕರ್ಕೊಂಡು ವೈಜಾಗ್‌ನಿಂದ ಟ್ರೈನಲ್ಲಿ. ಯಾವುದು ಚೆನ್ನಾಗಿದೆ ಅಂತ ಮನೇಲಿ ಇನ್ನೂ ಜಗಳ ಮುಗ್ದಿಲ್ಲ, ನನ್ನ ಓಟು ಬೇಲಂಗೆ, ಅಮ್ಮಂದು ಬೊರ್ರಾಗೆ.

ಬೇಲಂ ಇರೋದು ಬಟಾಬಯಲಲ್ಲಿ, ನಂದ್ಯಾಲ ಜಿಲ್ಲೆ, ತಾಡಿಪತ್ರಿಯಿಂದ ಸುಮಾರು 30 ಕಿಲೋಮೀಟರ್. ಗುಹೆ ಇದೆ ಅನ್ನೋ ಸುಳಿವೇ ಇಲ್ಲ, ಒಂದು ದೊಡ್ಡ ಬುದ್ಧನ ವಿಗ್ರಹ, ಸುತ್ತ ಒಣ ನೆಲ, ಹತ್ರ ಹೋದ್ರೆ ಬಾವಿ ಥರ ಗುಂಡಿ, ಅದರೊಳಗೆ ಮೆಟ್ಟಿಲು. ಬೊರ್ರಾ ಪೂರ್ತಿ ಉಲ್ಟಾ. ಅನಂತಗಿರಿ ಬೆಟ್ಟ, ಅರಕು ಹಾದಿ, ಸಮುದ್ರ ಮಟ್ಟದಿಂದ 700 ಮೀಟರ್ ಚಿಲ್ಲರೆ ಎತ್ತರ, ಸುತ್ತ ಕಾಡು, ಕೆಳಗೆ ಗೋಸ್ತನಿ ನದಿ, ಮತ್ತೆ ಆ ಬಾಯಿ ಇದೆಯಲ್ಲ, ಅಷ್ಟು ದೊಡ್ಡ ಬಾಯಿ ನಾನು ಎಲ್ಲೂ ನೋಡಿಲ್ಲ, ಒಂದು ಇಡೀ ಕಲ್ಯಾಣ ಮಂಟಪ ಒಳಗೆ ತಳ್ಳಬಹುದು. ಮೊದಲ ನೋಟಕ್ಕೆ ಬೊರ್ರಾನೇ ಗೆಲ್ಲೋದು, ಅದರಲ್ಲಿ ಮಾತೇ ಇಲ್ಲ.

ಆದ್ರೆ ಬೇಲಂ ಒಳಗೆ ಹೋದ್ಮೇಲೆ ಆಟ ಬದಲಾಗುತ್ತೆ. ಪೂರ್ತಿ ಗುಹೆ 3,229 ಮೀಟರ್ ಉದ್ದ, ನಮ್ಮನ್ನ ಬಿಡೋದು ಸುಮಾರು ಒಂದೂವರೆ ಕಿಲೋಮೀಟರ್, ಅದೇ ಸಾಕಪ್ಪ ಅನ್ಸುತ್ತೆ. ಎರಡೂ ಕಡೆ ಗೋಡೆ, ಯಾರೋ ಸೌಟಿಂದ ಕೆರೆದ ಹಾಗೆ ನುಣ್ಣಗೆ ಅಲೆ ಅಲೆಯಾಗಿದೆ, ಕೈ ಇಟ್ರೆ ತಣ್ಣಗಿರುತ್ತೆ ಅಂದ್ಕೊಂಡಿದ್ದೆ, ಇಲ್ಲ, ಬೆವರಿದ ಹಾಗೆ ಬೆಚ್ಚಗೆ ಜಿಡ್ಡು. ಒಂದು ಕಡೆ ದಾರಿ ಎಷ್ಟು ಸಣ್ಣ ಆಗುತ್ತೆ ಅಂದ್ರೆ ಬ್ಯಾಗ್ ಮುಂದಕ್ಕೆ ಹಾಕ್ಕೊಂಡು ಅಡ್ಡಡ್ಡ ನಡೀಬೇಕು, ತಕ್ಷಣ ದೊಡ್ಡ ಹಾಲ್, ಮತ್ತೆ ಸಂದಿ, ಮತ್ತೆ ಬಗ್ಗಿ ನಡೆಯೋದು. ಹೊರಗಿಂದ ಗಾಳಿ ಪಂಪ್ ಮಾಡ್ತಾರೆ, ಆದ್ರೂ ನಾವು ಹೋಗಿದ್ದು ಏಪ್ರಿಲ್ ಕೊನೆ, ನನ್ನ ಕನ್ನಡಕ ಹತ್ತು ನಿಮಿಷದಲ್ಲಿ ಮಂಜು ಹಿಡಿದು ಒರೆಸೋಕೆ ಒಣ ಬಟ್ಟೆನೇ ಇಲ್ಲ, ಹಾಕ್ಕೊಂಡಿದ್ದ ಟೀಶರ್ಟ್ ಅದಕ್ಕಿಂತ ಒದ್ದೆ. ಅರ್ಧ ಗುಹೆ ಹಾಗೇ ಮಬ್ಬುಮಬ್ಬಾಗಿ ನೋಡಿದ್ದು ನಾನು!

ಅಲ್ಲಿ ಸಪ್ತಸ್ವರ ಗುಹೆ ಅಂತ ಒಂದಿದೆ, ಮೇಲಿಂದ ಇಳಿಬಿದ್ದ ಕಲ್ಲಿನ ಪರದೆಗಳನ್ನ ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಕಂಚಿನ ಚೊಂಬು ತಟ್ಟಿದ ಹಾಗೆ ಶಬ್ದ ಬರುತ್ತೆ. ಒಂದೊಂದಕ್ಕೆ ಒಂದೊಂದು ಸ್ವರ. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳ್ಲಿ, ಆಮೇಲೆ ನೋಡಿದ್ರೆ ಎಲ್ಲರೂ ತಟ್ಟೋ ಜಾಗ ಕಪ್ಪಗೆ ಎಣ್ಣೆ ಹಿಡಿದು ಹೊಳೀತಿತ್ತು. ನಮ್ಮ ಕೈ ಜಿಡ್ಡು ಅಂಟಿದ ಕಡೆ ತೊಟ್ಟಿಕ್ಕೋ ನೀರಲ್ಲಿರೋ ಸುಣ್ಣ ಸರಿಯಾಗಿ ಕೂರಲ್ಲ, ಕಲ್ಲು ಬೆಳೆಯೋದೇ ವರ್ಷಕ್ಕೆ ಒಂದು ಮಿಲಿಮೀಟರ್‌ಗಿಂತ ಕಡಿಮೆ, ಅದನ್ನೂ ನಾವು ನಿಲ್ಲಿಸಿಬಿಟ್ರೆ ಹೇಗೆ. ನೀವು ಹೋದ್ರೆ ಕಿವಿ ಕೊಟ್ಟು ಕೇಳಿ, ಕೈ ಜೇಬಲ್ಲಿರ್ಲಿ.

ಕೊನೇಲಿ ಪಾತಾಳಗಂಗೆ. ಮೇಲಿನ ಬಾಯಿಂದ 46 ಮೀಟರ್ ಆಳ, ಒಂದು ಸಣ್ಣ ಧಾರೆ ಬಂದು ಕಲ್ಲಿನ ಸಂದೀಲಿ ಮಾಯ ಆಗುತ್ತೆ. ನೋಡೋಕೆ ಏನೂ ಇಲ್ಲ ನಿಜವಾಗ್ಲೂ, ಮನೆ ನಲ್ಲಿ ಇದಕ್ಕಿಂತ ಜೋರಾಗಿ ಬರುತ್ತೆ, ಆದ್ರೆ ಇಷ್ಟೊತ್ತು ನಡೆದು ಬಂದ ದಾರಿಯೆಲ್ಲ ಇಂಥ ನೀರೇ ಕೊರೆದದ್ದು ಅಂತ ಹೊಳೆದಾಗ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

ಎರಡಕ್ಕೂ ಇರೋ ವ್ಯತ್ಯಾಸ ಅಲ್ಲೇ ಇದೆ ನೋಡಿ. ಮಳೆ ನೀರು ಗಾಳಿಯಿಂದ, ಮಣ್ಣಿಂದ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಸ್ವಲ್ಪ ಆಮ್ಲ ಆಗುತ್ತೆ, ಸುಣ್ಣದ ಕಲ್ಲನ್ನ ಕರಗಿಸ್ತಾ ಹೋಗುತ್ತೆ, ಅದೇ ನೀರು ಗುಹೆ ಛಾವಣಿಯಿಂದ ತೊಟ್ಟಿಕ್ಕುವಾಗ ಗ್ಯಾಸ್ ಬಿಟ್ಟು ಸುಣ್ಣ ಅಲ್ಲೇ ಉಳಿಸಿ ಹೋಗುತ್ತೆ. ಬೇಲಂನಲ್ಲಿ ಮೊದಲನೇ ಕೆಲಸದ ಗುರುತೇ ಜಾಸ್ತಿ ಕಾಣೋದು, ಅದು ನದಿ ಬಿಟ್ಟುಹೋದ ಪೈಪು. ಕೋಟಿಲಿಂಗ, ಸಾವಿರ ಹೆಡೆ ಅಂತ ಹೆಸರಿರೋ ಕೆಲವು ಕಡೆ ಬಿಟ್ರೆ ಅಲಂಕಾರ ಕಮ್ಮಿ. ಬೊರ್ರಾದಲ್ಲಿ ಎರಡನೇ ಕೆಲಸ ಇನ್ನೂ ನಡೀತಾನೇ ಇದೆ, ಕತ್ತಿನ ಹಿಂದೆ ಟಪ್ ಅಂತ ಹನಿ ಬೀಳುತ್ತೆ, ಮೇಲೆ ನೋಡಿದ್ರೆ ತೂಗುಗಲ್ಲು, ಕೆಳಗೆ ನೋಡಿದ್ರೆ ಅದೇ ಹನಿಯಿಂದ ಎದ್ದ ಮೊಳಕೆ, ಕೆಲವು ಕಡೆ ಎರಡೂ ಸೇರಿ ಕಂಬ.

ಅಮ್ಮಂಗೆ ಇಷ್ಟ ಆಗಿದ್ದು ಅದೇ. ಗೈಡ್ ಟಾರ್ಚ್ ಬಿಟ್ಟು ಇದು ಶಿವ ಪಾರ್ವತಿ, ಇದು ತಾಯಿ ಮಗು, ಇದು ಮೊಸಳೆ ಅಂತ ತೋರಿಸ್ತಾ ಹೋದ, ಅಮ್ಮ ಅವನಿಗಿಂತ ಮೊದಲೇ ಕಂಡು ಹಿಡಿಯೋಕೆ ಶುರು ಮಾಡಿದ್ರು. ಹಸು ಒಂದು ಮೇಲಿನ ತೂತಿಂದ ಬಿತ್ತು, ಹುಡುಕ್ಕೊಂಡು ಬಂದ ದನಗಾಹಿಗೆ ಒಳಗೆ ಲಿಂಗ ಕಾಣ್ತು ಅನ್ನೋ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ, ಮೇಲೆ ಹತ್ತಿ ಹೋದ್ರೆ ಆ ಲಿಂಗಕ್ಕೆ ಪೂಜೆನೂ ಆಗುತ್ತೆ. ನನಗೆ ಕಿರಿಕಿರಿ ಆಗಿದ್ದು ಬಣ್ಣದ ಲೈಟು. ಕಲ್ಲಿನ ಅಸಲಿ ಬಣ್ಣ ಯಾವುದು ಅಂತಾನೇ ಗೊತ್ತಾಗಲ್ಲ, ಬಲ್ಬ್ ಪಕ್ಕ ಬೆಳಕು ಬಿದ್ದ ಕಡೆ ಮಾತ್ರ ಹಸಿರು ಪಾಚಿ. ನಡಿಗೆನೂ ಬೇಗ ಮುಗಿಯುತ್ತೆ, ಆದ್ರೆ ಮೆಟ್ಟಿಲು ಒದ್ದೆ, ಬುದ್ಧಿವಂತ ನಾನು ಸವೆದ ಚಪ್ಪಲಿ ಹಾಕ್ಕೊಂಡು ಹೋಗಿ ಎಲ್ಲರೆದುರು ಕುಂಡೆ ಮೇಲೆ ಬಿದ್ದೆ.

ಮಂಡಿ ನೋವಿರೋರಿಗೆ ಎರಡೂ ಕಷ್ಟಾನೇ, ಬೊರ್ರಾದಲ್ಲಿ ಇಳಿದದ್ದಷ್ಟೂ ಹತ್ತಬೇಕು, ಆದ್ರೆ ತಂಪಿದೆ, ನಿಂತು ಸುಧಾರಿಸ್ಕೊಳ್ಳೋಕೆ ಜಾಗ ಇದೆ. ಮುಚ್ಚಿದ ಜಾಗ ಅಂದ್ರೆ ಎದೆ ಬಡ್ಕೊಳ್ಳೋರು ಬೇಲಂ ಬಿಟ್ಟುಬಿಡಿ, ನಮ್ಮ ಫ್ರೆಂಡ್ ಒಬ್ಬ ಮೊದಲ ಸಂದಿಯಿಂದಲೇ ವಾಪಸ್ ಹೋಗಿ ಬುದ್ಧನ ಹತ್ರ ಕೂತಿದ್ದ. ಬೇಲಂಗೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಆ ಕಡೆಯೇ ಇರೋ ಗಂಡಿಕೋಟೆ ಕೋಟೆ, ಕಣಿವೆನೂ ಸೇರಿಸಿದ್ರೆ ಬೆಂಗಳೂರಿಂದ ಎರಡು ದಿನದ ಟ್ರಿಪ್. ಬೊರ್ರಾಗೆ ಮಾತ್ರ ಕಾರು ಬೇಡ, ವೈಜಾಗ್‌ನಿಂದ ಬೆಳಿಗ್ಗೆ ಹೊರಡೋ ಕಿರಂದೂಲ್ ಟ್ರೈನ್ ಹಿಡೀರಿ, ಸುರಂಗದ ಮೇಲೆ ಸುರಂಗ, ಬೊರ್ರಾ ಗುಹಲು ಸ್ಟೇಷನ್ನಲ್ಲೇ ಇಳಿಬಹುದು.

ಎರಡೂ ನೋಡೋ ಪ್ಲಾನ್ ಇದ್ರೆ ಬೊರ್ರಾ ಮೊದಲು ಮುಗಿಸಿ. ನಾನು ಉಲ್ಟಾ ಮಾಡಿ, ಬೊರ್ರಾದ ಕೊನೆ ಮೆಟ್ಟಿಲಲ್ಲಿ ನಿಂತು ಇಷ್ಟೇನಾ ಅಂದೆ, ಅಮ್ಮ ಇವತ್ತಿಗೂ ಅದನ್ನ ಎತ್ತಿ ಆಡ್ತಾರೆ.