ವರ್ಮಾಂಟಿನ ಶುಗರ್‌ಹೌಸ್: ಹೋಗೋದಾದ್ರೆ ಸ್ಯಾಪ್ ಕುದಿಸೋ ದಿನಾನೇ ಹೋಗಿ

ಮಾರ್ಚ್ ಬಂತು ಅಂದ್ರೆ ಬಾಸ್ಟನ್ ಸುತ್ತಮುತ್ತ ಇರೋ ನಮ್ಮೋರೆಲ್ಲ ಮೇಪಲ್ ಸಿರಪ್ (ಮೇಪಲ್ ಮರದ ರಸ, ಅಂದ್ರೆ ಸ್ಯಾಪ್, ಕುದಿಸಿ ಮಾಡೋ ಸಿಹಿ ಪಾಕ) ಮಾಡೋದನ್ನ ಎಲ್ಲಿ ನೋಡ್ಬೋದು ಅಂತ ಕೇಳ್ತಿರ್ತಾರೆ, ಅದಕ್ಕೇ ಇದನ್ನ ಸ್ವಲ್ಪ ಉದ್ದವಾಗೇ ಬರೀತಿದೀನಿ. ನಾವು ಹೋಗಿದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಈಶಾನ್ಯ ಮೂಲೆಗೆ, ನಾರ್ತ್‌ಈಸ್ಟ್ ಕಿಂಗ್ಡಮ್ ಅಂತಾರಲ್ಲ ಆ ಕಡೆ, ಸೇಂಟ್ ಜಾನ್ಸ್‌ಬರಿ ದಾಟಿ ಒಳಗಡೆ ಇರೋ ಒಂದು ಸಣ್ಣ ಶುಗರ್‌ಹೌಸಿಗೆ, ಅಂದ್ರೆ ಸ್ಯಾಪ್ ಕುದಿಸಿ ಸಿರಪ್ ಮಾಡೋ ಮನೆಗೆ. ಮನೆಯವರೇ ಸೇರ್ಕೊಂಡು ನಡೆಸ್ತಾರೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಮೊದಲು ಹವಾಮಾನದ ವಿಷಯ, ಯಾಕಂದ್ರೆ ಇಲ್ಲಿ ಎಲ್ಲಾ ನಿಂತಿರೋದೇ ಅದ್ರ ಮೇಲೆ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿ ನೀರು ಹೆಪ್ಪುಗಟ್ಬೇಕು, ಹಗಲು ಬಿಸಿಲು ಬಂದು ನಾಲ್ಕೈದು ಡಿಗ್ರಿಗೆ ಏರ್ಬೇಕು, ಆಗ ಮರದೊಳಗೆ ಒತ್ತಡ ಹುಟ್ಟಿ ಸ್ಯಾಪ್ ಹರಿಯುತ್ತೆ. ಹಗಲೂ ಥಂಡಿ ಇದ್ರೆ ಹರಿಯಲ್ಲ, ರಾತ್ರಿನೂ ಬೆಚ್ಚಗಿದ್ರೆ ನಿಂತೇ ಹೋಗುತ್ತೆ. ಚಿಗುರು ಬಿಟ್ಮೇಲೆ ಸಿರಪ್ಪಿನ ರುಚಿ ಕೆಡುತ್ತೆ, ಸೀಸನ್ ಮುಗೀತು ಅಂತ ಅರ್ಥ. ಹಾಗಾಗಿ ಭಾನುವಾರ ಬಿಡುವಿದೆ ಅಂತ ಸುಮ್ಮನೆ ಕಾರ್ ಹತ್ತಬೇಡಿ. ಫೋನ್ ಮಾಡಿ "ಇವತ್ತು ಕುದಿಸ್ತೀರಾ?" ಅಂತ ಕೇಳ್ಕೊಂಡೇ ಹೊರಡಿ. ನಾನು ಫೋನ್ ಮಾಡಿದಾಗ ಅಲ್ಲಿನ ಯಜಮಾನರು ಇವತ್ತು ಬೇಡ, ನಾಳೆ ಮಧ್ಯಾಹ್ನದ ಮೇಲೆ ಬನ್ನಿ ಅಂದ್ರು, ಹಾಗೇ ಆಯ್ತು ನೋಡಿ, ನಾವು ಹೋಗೋ ಹೊತ್ತಿಗೆ ಛಾವಣಿ ಕಿಂಡಿಯಿಂದ ಹಬೆ ರಸ್ತೆವರೆಗೂ ಕಾಣ್ತಿತ್ತು.

ಆ ರಸ್ತೆ ಬಗ್ಗೆ ಹೇಳ್ಲೇಬೇಕು. ವರ್ಮಾಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಸ್ತೆಗೆ ಡಾಂಬರೇ ಇಲ್ಲ. ಈ ಸಮಯದಲ್ಲಿ ಮೇಲಿನ ಮಣ್ಣು ಕರಗಿರುತ್ತೆ, ಅಡಿಯಲ್ಲಿ ಇನ್ನೂ ಹೆಪ್ಪುಗಟ್ಟಿರೋದ್ರಿಂದ ನೀರು ಇಳಿಯಲ್ಲ, ಚಕ್ರದ ಅಚ್ಚು ಮೊಣಕಾಲು ಮಟ್ಟಕ್ಕೆ ಬಿದ್ದಿರುತ್ತೆ. ಮಡ್ ಸೀಸನ್ ಅಂತ ಇದಕ್ಕೊಂದು ಋತುನೇ ಇಟ್ಕೊಂಡಿದಾರೆ ಇಲ್ಲಿನೋರು. ಮಾರ್ಚ್ ಮೊದಲನೇ ಮಂಗಳವಾರದ ಟೌನ್ ಮೀಟಿಂಗ್ (ಊರೋರೆಲ್ಲ ಸೇರಿ ಊರ ವಿಷಯ ತೀರ್ಮಾನಿಸೋ ಸಭೆ), ರಸ್ತೆಗೆ ಜಲ್ಲಿ, ಸ್ಯಾಪ್ ಹರೀತಾ ಇಲ್ವಾ, ಜನರ ಮಾತೆಲ್ಲ ಇದೇ. ಸಂಜೆ ಆದ್ರೆ ಅಕ್ಕಪಕ್ಕದೋರು ಬೂಟು ಕೊಡವ್ಕೊಂಡು ಬಂದು ಒಲೆ ಹತ್ರ ಕೂತು ಹರಟೆ ಹೊಡೀತಾರೆ, ನಮ್ಮನ್ನೂ ಏನೂ ಸಂಕೋಚ ಇಲ್ದೆ ಸೇರಿಸ್ಕೊಂಡ್ರು.

ಒಳಗೆ ಹೋದ್ರೆ ಸಾಗರ, ಶಿರಸಿ ಕಡೆ ಆಲೆಮನೆ ನೋಡಿದೋರಿಗೆ ಎದೆ ತುಂಬಿ ಬರುತ್ತೆ. ಅದೇ ಕುದಿಯೋ ಸದ್ದು, ಅದೇ ಸಿಹಿ ಹಬೆ. ಆದ್ರೆ ಕಬ್ಬಿನ ಹಾಲು ಕುಡಿದ್ರೆ ಸಿಹಿ ನಾಲಿಗೆಗೆ ಹೊಡೆಯುತ್ತೆ, ಈ ಸ್ಯಾಪ್ ಒಂದು ಲೋಟ ಕುಡಿದ್ರೂ ನೀರು ಅಂತಾನೇ ಅನ್ಸೋದು. ಸಕ್ಕರೆ ಅಂಶ ಹತ್ತಿರ ಹತ್ತಿರ 2% ಅಷ್ಟೇ, ಹಾಗಾಗಿ ಸುಮಾರು 40 ಗ್ಯಾಲನ್ ಕುದಿಸಿದ್ರೆ ಒಂದು ಗ್ಯಾಲನ್ ಸಿರಪ್. ಯಜಮಾನರ ಮಗ ಗಡಿಯಾರ ನೋಡ್ಕೊಂಡು ಸೌದೆ ತುರುಕ್ತಾನೇ ಇದ್ದ. ನೊರೆ ಉಕ್ಕಿ ಬಂದಾಗ ಒಂದು ಚೂರು ಬೆಣ್ಣೆ ಹಾಕಿದ್ರು, ನೊರೆ ತಕ್ಷಣ ಇಳಿದು ಹೋಯ್ತು. ಹಿಂದೆ ಇದಕ್ಕೆ ಹಂದಿ ಕೊಬ್ಬೂ ಹಾಕ್ತಿದ್ರು, ಆದ್ದರಿಂದ ಸಸ್ಯಾಹಾರಿಗಳು ಎಲ್ಲೇ ಹೋದ್ರೂ ಏನು ಹಾಕ್ತೀರಿ ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳಲ್ಲ. ನೀರು ಕುದಿಯೋ ಬಿಂದುಗಿಂತ 7 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಹೋದ್ರೆ ಸಿರಪ್ ಆಯ್ತು ಅಂತ ಲೆಕ್ಕ. ಆದ್ರೆ ಅಜ್ಜಿ ಮಾತ್ರ ಥರ್ಮಾಮೀಟರ್ ಕಡೆ ನೋಡ್ದೆ ಅಗಲ ಸೌಟಲ್ಲಿ ಎತ್ತಿ ಓರೆ ಮಾಡಿದ್ರು, ಹನಿ ಹನಿಯಾಗಿ ಬೀಳ್ದೆ ಅಂಚಿನುದ್ದಕ್ಕೂ ಪರದೆ ಥರ ಜೋತು ಬಿತ್ತು, ತಕ್ಷಣ ಸಿರಪ್ ಇಳಿಸ್ಕೊಳ್ಳೋಕೆ ನಲ್ಲಿ ತಿರುಗಿಸಿಬಿಟ್ರು.

ತಿನ್ನೋಕೆ ಶುಗರ್ ಆನ್ ಸ್ನೋ ತಗೊಳ್ಳಿ. ಇನ್ನೂ ಗಟ್ಟಿ ಕುದಿಸಿದ ಸಿರಪ್ಪನ್ನ ಹಿಮದ ಮೇಲೆ ಸುರೀತಾರೆ, ಅಂಟಂಟಾಗೋ ಅದನ್ನ ಫೋರ್ಕಿಗೆ ಸುತ್ಕೊಂಡು ತಿನ್ನೋದು. ಜೊತೆಗೆ ಡೋನಟ್ಟು, ಹುಳಿ ಸೌತೆಕಾಯಿ ಪಿಕಲ್. ಬಾಯಿ ಕಟ್ಟೋವಷ್ಟು ಸಿಹಿ ಆದಾಗ ಆ ಹುಳಿ ಒಂದು ಕಚ್ಚಿದ್ರೆ ಮತ್ತೆ ತಿನ್ಬೋದು. ಮೊಟ್ಟೆ ತಿನ್ನದೋರು ಡೋನಟ್ ಬಿಡಿ.

ನಾಲ್ಕೇ ಯಾಕೆ ಅಂದ್ರೆ, ಕುದಿಯೋ ಕೊಪ್ಪರಿಗೆಗೂ ಮಕ್ಕಳಿಗೂ ನಡುವೆ ಒಂದು ಹಗ್ಗನೂ ಕಟ್ಟಿರ್ಲಿಲ್ಲ, ನಾನು ಪೂರ್ತಿ ಹೊತ್ತು ಮಗಳ ಕೈ ಹಿಡ್ಕೊಂಡೇ ನಿಲ್ಬೇಕಾಯ್ತು. ಇದು ಸಣ್ಣ ವಿಷಯ ಅಲ್ಲ, ಅವರಿಗೂ ಹೇಳಿ ಬಂದಿದೀನಿ. ಪಾರ್ಕಿಂಗೂ ಬರೀ ಕೆಸರು, ಮಾಮೂಲಿ ಶೂ ಹಾಕ್ಕೊಂಡು ಹೋಗ್ಬೇಡಿ.

ಕೊಳ್ಳೋಕೆ ನಾಲ್ಕು ಗ್ರೇಡ್ ಇದಾವೆ: ಗೋಲ್ಡನ್, ಅಂಬರ್, ಡಾರ್ಕ್, ವೆರಿ ಡಾರ್ಕ್. ಸೀಸನ್ ಶುರುವಿನದು ಸಾಮಾನ್ಯವಾಗಿ ತಿಳಿ, ಕೊನೆಗೆ ಬರ್ತಾ ಬರ್ತಾ ಕಪ್ಪು. ಗೋಲ್ಡನ್ ನೋಡೋಕೆ ಚೆಂದ, ಆದ್ರೆ ಜೋನಿ ಬೆಲ್ಲ ತಿಂದು ಬೆಳೆದ ನಾಲಿಗೆಗೆ ಅದು ಸಪ್ಪೆ. ಡಾರ್ಕ್ ತಗೊಳ್ಳಿ, ನೀರ್ದೋಸೆ ಮೇಲೆ ಕಾಯಿತುರಿ ಉದುರಿಸಿ ಇದನ್ನ ಹಾಕ್ಕೊಂಡು ತಿಂದು ನೋಡಿ. ಸೂಪರ್ ಮಾರ್ಕೆಟ್ಟಿನ ಪ್ಯಾನ್‌ಕೇಕ್ ಸಿರಪ್ ಹೆಚ್ಚಿನದೆಲ್ಲ ಕಾರ್ನ್ ಸಿರಪ್ಪಿಗೆ ವಾಸನೆ ಸೇರ್ಸಿರೋದು, ಅದನ್ನ ಇದ್ರ ಪಕ್ಕ ಇಡೋದೇ ಬೇಡ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಲ್ಲಿಡಿ, ಹೊರಗಿಟ್ರೆ ಬೂಷ್ಟು ಹಿಡಿಯುತ್ತೆ. ಊರಿಗೆ ತಗೊಂಡು ಹೋಗೋರು ಗಾಜಿನ ಬಾಟ್ಲಿ ಬಿಟ್ಟು ಪ್ಲಾಸ್ಟಿಕ್ ಜಗ್ಗೇ ಕೇಳಿ, ಚೆಕ್‌ಇನ್ ಬ್ಯಾಗಲ್ಲಿ ಬಟ್ಟೆ ಮಧ್ಯೆ ಸುತ್ತಿಡಿ.