ಜಾಲಿಬಾಯ್ ದ್ವೀಪ: ಅಂಡಮಾನ್‌ಗೆ ಹೋದರೆ ಒಂದು ದಿನ ಇದಕ್ಕೇ ಇಡಿ

ಫೆಬ್ರವರಿಯಲ್ಲಿ ಅಂಡಮಾನ್‌ಗೆ ಹೋಗಿದ್ದೆವು. ಹ್ಯಾವ್‌ಲಾಕ್, ನೀಲ್ ಎಲ್ಲಾ ಸುತ್ತಿದೆವು, ಚೆನ್ನಾಗೇ ಇತ್ತು. ಆದರೆ ಮನೆಗೆ ಬಂದ ಮೇಲೂ ಮಗಳ ಬಾಯಲ್ಲಿ ಬರೋದು ಜಾಲಿಬಾಯ್ ಒಂದೇ.

ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯಪುರಂ) ವಂಡೂರಿಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ದೋಣಿ ಹತ್ತಬೇಕು. ದಾರಿಯಲ್ಲಿ ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನಮ್ಮ ಹೊನ್ನಾವರದ ಹಿನ್ನೀರು ನೆನಪಾಯಿತು. ಇದು ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ. 1983ರಲ್ಲಿ ಶುರುವಾದದ್ದು. ಪರ್ಮಿಟ್ ಇಲ್ಲದೆ ಬಿಡಲ್ಲ.

ಜೆಟ್ಟಿಯಲ್ಲಿ ಬ್ಯಾಗ್ ಬಿಚ್ಚಿಸಿ ನೋಡಿದರು. ಪ್ಲಾಸ್ಟಿಕ್ ಬಾಟ್ಲಿ, ಚಿಪ್ಸ್ ಪ್ಯಾಕೆಟ್ ಯಾವುದೂ ದಾಟುವ ಹಾಗಿಲ್ಲ. ಬಾಟ್ಲಿ ಇಲ್ಲದವರಿಗೆ ಅಲ್ಲೇ ಡೆಪಾಸಿಟ್ ಕಟ್ಟಿಸಿಕೊಂಡು ನೀರಿನ ಬಾಟ್ಲಿ ಕೊಡುತ್ತಾರೆ, ವಾಪಸ್ ತಂದರೆ ದುಡ್ಡು ವಾಪಸ್. ಅಮ್ಮ ಕವರ್‌ನಲ್ಲಿ ತಂದಿದ್ದ ಚಕ್ಕುಲಿಯನ್ನು ಸ್ಟೀಲ್ ಡಬ್ಬಿಯೊಳಗೆ ಚಿತ್ರಾನ್ನದ ಮೇಲೇ ಸುರಿದುಕೊಂಡರು. ಕ್ಯೂನಲ್ಲಿ ಒಬ್ಬರು ಇದಕ್ಕೆ ಜಗಳಾಡುತ್ತಿದ್ದರು. ದ್ವೀಪದಲ್ಲಿ ಇಳಿದ ಮೇಲೆ ಕಾರಣ ಗೊತ್ತಾಗುತ್ತದೆ: ಒಂದು ಅಂಗಡಿ ಇಲ್ಲ, ಮರಳಿನ ಮೇಲೆ ಒಂದು ರ‍್ಯಾಪರ್ ಇಲ್ಲ. ಇಷ್ಟು ಬಿಗಿ ಮಾಡಿದ್ದಕ್ಕೇ ಇದು ಹೀಗೆ ಉಳಿದಿದೆ, ಅಲ್ವಾ?

ಮೊದಲು ಗಾಜಿನ ತಳದ ದೋಣಿ. ಅಮ್ಮನಿಗೆ ಈಜು ಬರಲ್ಲ, ಅವರೂ ಕೂತಲ್ಲೇ ಹವಳ, ಮೀನು ಎಲ್ಲಾ ನೋಡಿದರು. ಆದರೆ ನೀರಿಗಿಳಿದರೇ ಮಜಾ. ಮಾಸ್ಕ್ ಹಾಕಿ ಮುಖ ಮುಳುಗಿಸಿದೆ, ಕಿವಿಯಲ್ಲಿ ಕಟಕಟ ಸದ್ದು. ನೋಡಿದರೆ ನೀಲಿ ಹಸಿರು ಬಣ್ಣದ ಗಿಣಿಮೀನು, ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತಿತ್ತು. ಸ್ವಲ್ಪ ಮುಂದೆ ಹೋಗಿ ನುಂಗಿದ ಕಲ್ಲನ್ನೇ ಹಿಂದಿನಿಂದ ಪುಡಿಮರಳಾಗಿ ಬಿಟ್ಟಿತು. ನಾವು ಬರಿಗಾಲಲ್ಲಿ ಓಡಾಡಿದ ಬಿಳಿ ಮರಳಿನಲ್ಲಿ ಎಷ್ಟೋ ಪಾಲು ಹೀಗೆ ಬಂದದ್ದೇ.

ಎಲ್ಲಾ ಕಡೆ ಬಣ್ಣ ಇರುತ್ತೆ ಅಂದುಕೊಂಡು ಹೋಗಬೇಡಿ. ಬೂದಿ ಬಣ್ಣದ ಸತ್ತ ಹವಳದ ಚೂರುಗಳೂ ಜಾಸ್ತಿ ಇವೆ. 2010ರಲ್ಲಿ ಸಮುದ್ರದ ನೀರು ಬಿಸಿಯಾಗಿ ಅಂಡಮಾನ್‌ನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಹವಳದೊಳಗೆ ಸಣ್ಣ ಪಾಚಿ ಇರುತ್ತದೆ, ಹವಳಕ್ಕೆ ಹೆಚ್ಚಿನ ಊಟ, ಬಣ್ಣ ಎರಡೂ ಆ ಪಾಚಿಯಿಂದಲೇ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ, ಬಿಸಿ ಹಾಗೇ ಮುಂದುವರಿದರೆ ಹಸಿವಿನಿಂದ ಸಾಯುತ್ತದೆ. ಆ ಚೂರುಗಳ ಮಧ್ಯೆ ಹೆಬ್ಬೆರಳಿನಷ್ಟು ಎತ್ತರದ ಹೊಸ ಹವಳ ಒಂದನ್ನು ನೋಡಿದಾಗ ನಿಜವಾಗಲೂ ಖುಷಿಯಾಯಿತು.

ಬೇಜಾರಾದದ್ದು ನಮ್ಮನ್ನು ಸ್ನಾರ್ಕೆಲಿಂಗ್‌ಗೆ ಕರೆದುಕೊಂಡು ಹೋದ ಹುಡುಗನಿಂದ. ಮಾಸ್ಕ್ ಸರಿ ಮಾಡಲು ಹವಳದ ಮೇಲೇ ನಿಂತುಬಿಟ್ಟ. ಗುಂಡು ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು, ಒಂದು ಕಾಲಿಟ್ಟರೆ ಎಷ್ಟು ವರ್ಷ ಹೋಯಿತು ನೋಡಿ. ಆಮೇಲೆ ಸಮುದ್ರ ಸೌತೆಯನ್ನು (ಸೌತೆಕಾಯಿಯಂತೆ ಕಾಣುವ ಮೆತ್ತಗಿನ ಪ್ರಾಣಿ) ಮೇಲೆತ್ತಿ, "ಪಾಪು, ಹಿಡ್ಕೋ, ಫೋಟೋ ತೆಗೀತೀನಿ" ಅಂದ. ಬೇಡ ಅಂದೆ, ಮುಖ ಸಣ್ಣದು ಮಾಡಿಕೊಂಡ. ಅವನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ, ಫೋಟೋ ಕೇಳುವವರು ಇರುವುದಕ್ಕೇ ಅವನು ಎತ್ತಿಕೊಡುವುದು. ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಹುಲಿಯಿರುವ ಪಟ್ಟಿಯಲ್ಲೇ ಹವಳ, ಸಮುದ್ರ ಸೌತೆ ಎರಡೂ ಇವೆ. ದಡದಲ್ಲಿ ಬಿದ್ದ ಹವಳದ ಚೂರನ್ನೂ ಸುಮ್ನೆ ಜೇಬಿಗೆ ಹಾಕಿಕೊಳ್ಳಬೇಡಿ.

ಸೋಮವಾರ ರಜೆ. ಜಾಲಿಬಾಯ್ ವರ್ಷದ ಅರ್ಧ ಮಾತ್ರ ತೆರೆದಿರುತ್ತದೆ, ಹವಳಕ್ಕೆ ಬಿಡುವು ಸಿಗಲಿ ಅಂತ ಮಿಕ್ಕ ತಿಂಗಳು ಪಕ್ಕದ ರೆಡ್‌ಸ್ಕಿನ್ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ. ಊಟ ನೀವೇ ಕಟ್ಟಿಕೊಂಡು ಹೋಗಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಕೆಮಿಕಲ್ ಹವಳಕ್ಕೆ ಆಗಿಬರಲ್ಲ, ಅದನ್ನು ಬಳಿದುಕೊಳ್ಳುವ ಬದಲು ತುಂಬುತೋಳಿನ ಟೀ ಶರ್ಟ್ ಹಾಕಿಕೊಂಡು ನೀರಿಗಿಳಿಯಿರಿ. ನಾವು ಹಾಗೇ ಮಾಡಿದೆವು, ಯಾರ ಬೆನ್ನೂ ಸುಡಲಿಲ್ಲ.