ಜ್ಯಾಂಗೊ: ವರ್ಷಗಳ ಬಳಕೆಯ ನಂತರ ನಾಲ್ಕು ಸ್ಟಾರ್, ಕಡಿದ ಒಂದು ಸ್ಟಾರ್ ಕನ್ನಡದ ಗುಣಿತಕ್ಕಾಗಿ

ಜ್ಯಾಂಗೊ ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬೇಕಾದ ಸಿದ್ಧ ಸಲಕರಣೆಗಳ ಉಚಿತ ಸಾಫ್ಟ್‌ವೇರ್. ನಾನು ಅದರ 1.11ನೇ ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ, ಈಗ 5.2ರಲ್ಲಿದ್ದೇನೆ. ಡೇಟಾಬೇಸ್, ಲಾಗಿನ್, ಅಡ್ಮಿನ್ ಯಾವುದರ ಬಗ್ಗೆಯೂ ನನಗೆ ತಕರಾರಿಲ್ಲ. ನಾನು ಬರೆಯಬೇಕಿರುವುದು ಫೈಲುಗಳ ವಿಚಾರ.

ಸಾಗರ, ಸೊರಬದ ಕಡೆ ವೀರಗಲ್ಲು, ಮಾಸ್ತಿಗಲ್ಲು, ಶಾಸನಗಳ ಫೋಟೋ ತೆಗೆದು ಒಂದೆಡೆ ಕೂಡಿಡುವ ಹವ್ಯಾಸಿ ಬಳಗವೊಂದಿದೆ. ಅದರ ಸೈಟ್ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಎಲ್ಲರೂ ಚಂದಾ ಹಾಕಿ ತೆಗೆದುಕೊಂಡಿರುವ ಒಂದು ಜಿಬಿ ರ‍್ಯಾಮಿನ ಸರ್ವರ್, ಅದಕ್ಕಿಂತ ದೊಡ್ಡದಕ್ಕೆ ದುಡ್ಡಿಲ್ಲ. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಅಡ್ಮಿನ್ ಪುಟ ತೆರೆಯುವುದು ನನಗೆ ರೂಢಿ. ರಾತ್ರಿ ಯಾರ‍್ಯಾರು ಏನೇನು ಕಳಿಸಿದ್ದಾರೆ ನೋಡಿ, ಅಲುಗಾಡಿದ ಫೋಟೋ ತೆಗೆದುಹಾಕಿ, ಊರಿನ ಹೆಸರು ಸರಿಯಿದೆಯಾ ಅಂತ ನೋಡಿ, ಪ್ರಕಟಣೆಯ ಚೌಕಕ್ಕೆ ಟಿಕ್ ಹಾಕುವಷ್ಟರಲ್ಲಿ ಕಾಫಿ ಮುಗಿದಿರುತ್ತದೆ. ಈ ಅಡ್ಮಿನ್ ಪುಟಕ್ಕೆ ನಾನು ಬರೆದದ್ದು ನಾಲ್ಕೈದು ಸಾಲು, ಅಷ್ಟೇ. 2003ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ ಜ್ಯಾಂಗೊ ಹುಟ್ಟಿದ್ದು. ಸುದ್ದಿಮನೆಯವರು ತಾವೇ ಕೂತು ಮಾಹಿತಿ ತುಂಬಬೇಕಿತ್ತು, ಆ ಅಗತ್ಯದ ಗುರುತು ಇವತ್ತಿಗೂ ಅಡ್ಮಿನ್‌ನಲ್ಲಿ ಕಾಣುತ್ತದೆ.

ನಮ್ಮ ಬಳಗದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಪ್ರತಿ ಫೋಟೋಗೂ ಕನ್ನಡದಲ್ಲೇ ಹೆಸರಿಡುತ್ತಾರೆ: ಊರು, ಕಲ್ಲು, ಯಾವ ಬದಿ. ಅವರು ‘ಕೆಳದಿ ವೀರಗಲ್ಲು ಎಡಬದಿ’ ಎಂಬ ಫೈಲ್ ಹಾಕಿದರೆ ಸರ್ವರಿನಲ್ಲಿ ಅದು ‘ಕಳದ_ವರಗಲಲ_ಎಡಬದ’ ಆಗಿ ಕೂರುತ್ತದೆ. ಡೌನ್‌ಲೋಡ್ ಮಾಡಿ ನೋಡಿದವರೇ ಫೋನ್ ಮಾಡಿದರು. “ಕೊಂಬು, ಗುಡಿಸು, ಒತ್ತು, ಒಂದೂ ಇಲ್ವಲ್ಲಪ್ಪ, ಎಲ್ಲಿಗೆ ಹೋಯ್ತು?” ಒಂದನೇ ಕ್ಲಾಸಿನ ಮಕ್ಕಳಿಗೆ ಕಾಗುಣಿತ ಕಲಿಸಿದವರು ಕೇಳುವ ಪ್ರಶ್ನೆ ಅದು. ನನಗೂ ಸಂಕಟವಾಯಿತು.

ಕಾರಣ ಹುಡುಕಿದರೆ ಸಿಗುವುದು ಒಂದೇ ಸಾಲು. ಫೈಲನ್ನು ಡಿಸ್ಕಿಗೆ ಬರೆಯುವ ಮುನ್ನ ಜ್ಯಾಂಗೊದ ‘ಗೆಟ್ ವ್ಯಾಲಿಡ್ ಫೈಲ್‌ನೇಮ್’ ಎಂಬ ಫಂಕ್ಷನ್ ಹೆಸರನ್ನು ಶುಚಿ ಮಾಡುತ್ತದೆ. ಖಾಲಿ ಜಾಗಕ್ಕೆ ಅಂಡರ್‌ಸ್ಕೋರ್ ಹಾಕುತ್ತದೆ. ಅಕ್ಷರ, ಅಂಕಿ, ಚುಕ್ಕೆ, ಅಡ್ಡಗೆರೆ ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಹಾಕುತ್ತದೆ. ಯಾವುದು ಅಕ್ಷರ ಎಂದು ತೀರ್ಮಾನಿಸುವುದು ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ನಮ್ಮ ಸ್ವರಚಿಹ್ನೆ, ವಿರಾಮ, ಅನುಸ್ವಾರಗಳೆಲ್ಲ ‘ಮಾರ್ಕ್’ ಎಂಬ ವರ್ಗದಲ್ಲಿವೆ, ಪೈಥಾನ್ ಅವನ್ನು ಅಕ್ಷರವೆಂದು ಎಣಿಸುವುದಿಲ್ಲ. ಹಾಗಾಗಿ ಬರೀ ಮೂಲಾಕ್ಷರ ಉಳಿಯುತ್ತದೆ. ಹಿಂದಿ, ತಮಿಳಿನ ಹೆಸರುಗಳಿಗೂ ಇದೇ ಗತಿ. ಚೀನೀ ಲಿಪಿಗೆ ಏನೂ ಆಗುವುದಿಲ್ಲ, ಫ್ರೆಂಚ್ ಹೆಸರುಗಳೂ ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಅಲ್ಲಿಯವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಜ್ಯಾಂಗೊ ತನ್ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಂಡಿದೆ. ಪಟ್ಟಿಯಲ್ಲಿರುವ ಭಾಷೆಯ ಹೆಸರುಗಳನ್ನು ಹೀಗೆ ಮುರಿಯುವುದು ಸರಿಯಲ್ಲ, ಕನಿಷ್ಠ ಫೈಲ್ ಅಪ್‌ಲೋಡಿನ ದಾಖಲೆ ಪುಟದಲ್ಲಾದರೂ ದೊಡ್ಡದಾಗಿ ಎಚ್ಚರಿಕೆ ಇರಬೇಕು.

ಅಂದ ಕೆಡುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ‘ಹೊಸೂರು’, ‘ಹಸಿರು’, ‘ಹೆಸರು’ ಮೂರೂ ‘ಹಸರ’ ಆಗುತ್ತವೆ. ಒಂದೇ ಫೋಲ್ಡರಿನಲ್ಲಿ ಎರಡನೆಯದು ಬಂದಾಗ ಜ್ಯಾಂಗೊ ಹಳೆಯದನ್ನು ಅಳಿಸುವುದಿಲ್ಲ, ಹೊಸದರ ಹೆಸರಿನ ಕೊನೆಗೆ ಏಳು ಯಾದೃಚ್ಛಿಕ ಅಕ್ಷರ ಅಂಟಿಸುತ್ತದೆ. ಫೋಟೋ ಉಳಿಯುತ್ತದೆ, ಯಾವುದು ಯಾವ ಊರಿನದು ಎಂಬುದು ಉಳಿಯುವುದಿಲ್ಲ. ಫೈಲ್ ಎಲ್ಲಿ, ಯಾವ ಹೆಸರಲ್ಲಿ ಕೂರಬೇಕು ಎಂದು ಹೇಳುವ ‘ಅಪ್‌ಲೋಡ್ ಟು’ ಜಾಗದಲ್ಲಿ ನಮ್ಮದೇ ಫಂಕ್ಷನ್ ಕೊಟ್ಟರೂ ತಪ್ಪಿಸಿಕೊಳ್ಳಲಾಗದು. ಅದು ಕೊಟ್ಟ ಹೆಸರೂ ಮತ್ತೆ ಅದೇ ಜರಡಿಗೆ ಬೀಳುತ್ತದೆ.

ದಾರಿ ಇಲ್ಲದೆ ಇಲ್ಲ. ಬ್ರೌಸರಿನಿಂದ ಬರುವಾಗ ಹೆಸರು ಪೂರ್ತಿಯಾಗಿಯೇ ಬರುತ್ತದೆ, ಮುರಿಯುವುದು ಸೇವ್ ಮಾಡುವಾಗ. ಅದಕ್ಕೇ ಮೂಲ ಹೆಸರನ್ನು ಡೇಟಾಬೇಸಿನ ಪ್ರತ್ಯೇಕ ಕಾಲಮ್ಮಿನಲ್ಲಿಟ್ಟು, ಡಿಸ್ಕಿನಲ್ಲಿ ಯುಯುಐಡಿ (ಒಂದರಂತೆ ಇನ್ನೊಂದಿರದ ಉದ್ದನೆಯ ಗುರುತು) ಹೆಸರು ಕೊಡುತ್ತೇನೆ. ಡೌನ್‌ಲೋಡ್ ಕೊಡುವಾಗ ಫೈಲ್ ಕಳಿಸುವ ಜ್ಯಾಂಗೊದ ‘ಫೈಲ್‌ರೆಸ್ಪಾನ್ಸ್’ಗೆ ಆ ಕನ್ನಡ ಹೆಸರು ಹೇಳಿದರೆ ಸಾಕು, ಗುಣಿತ, ಒತ್ತಿನ ಸಮೇತ ಹಾಗೇ ಇಳಿಯುತ್ತದೆ. ಫೈಲ್ ಉಳಿಸುವ ಕೋಡನ್ನೇ (ಸ್ಟೋರೇಜ್ ಕ್ಲಾಸ್) ತಿದ್ದಿ ಕನ್ನಡ ಹೆಸರನ್ನು ಡಿಸ್ಕಿನಲ್ಲೇ ಉಳಿಸಿಕೊಳ್ಳಬಹುದು. ಆದರೆ ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಮೇಷ್ಟ್ರು ಇಡುವ ಉದ್ದದ ಹೆಸರಿಗೆ ಅದು ಸಾಲುವುದಿಲ್ಲ.

ಇಷ್ಟು ಕೋಪವಿದ್ದರೂ ನಾನು ಬೇರೆ ಕಡೆ ಹೋಗಿಲ್ಲ, ಅದಕ್ಕೆ ಮೊದಲ ಕಾರಣ ಆ ಬಡಪಾಯಿ ಸರ್ವರ್. 2.5 ಎಂಬಿಗಿಂತ ದೊಡ್ಡ ಫೈಲ್ ಬಂದರೆ ಜ್ಯಾಂಗೊ ಅದನ್ನು ಮೆಮೊರಿಯಲ್ಲಿ ಹೊರುವುದಿಲ್ಲ, ತಾತ್ಕಾಲಿಕ ಫೈಲಿಗೆ ತುಂಡುತುಂಡಾಗಿ ಬರೆಯುತ್ತದೆ. ಶಾಸನದ ಪಡಿಯಚ್ಚನ್ನು ಸ್ಕ್ಯಾನ್ ಮಾಡಿದ ಭಾರೀ ಟಿಫ್ ಫೈಲುಗಳನ್ನು ಜನ ಏರಿಸುತ್ತಿದ್ದರೂ ಸೈಟ್ ತೂಕಡಿಸಿದ್ದಿಲ್ಲ. ಜ್ಯಾಂಗೊದ ಮುಂದೆ ನಿಲ್ಲುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ 1 ಎಂಬಿ ಮಿತಿಯನ್ನು ಏರಿಸುವುದು ಮಾತ್ರ ನಮ್ಮ ಕೆಲಸ.

ಎರಡನೆಯ ಕಾರಣ ಜನ. ಹತ್ತಿರದ ಕಾಲೇಜಿನ ಹುಡುಗರು ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಅವರ ಮೊದಲ ಪ್ರಶ್ನೆ ಬಹುಪಾಲು ಒಂದೇ: “ಅಣ್ಣಾ, ಫೈಲ್ ಆರಿಸಿದ್ದೀನಿ, ಹೆಸರೂ ಕಾಣ್ತಿದೆ, ಸಬ್ಮಿಟ್ ಒತ್ತಿದ್ರೆ ಈ ಫೀಲ್ಡ್ ರಿಕ್ವೈರ್ಡ್ ಅಂತಿದೆ.” ಫಾರ್ಮ್ ಟ್ಯಾಗಿನಲ್ಲಿ, ಫೈಲೂ ಜೊತೆಗೆ ಹೋಗಲಿ ಎನ್ನುವ ‘ಮಲ್ಟಿಪಾರ್ಟ್ ಫಾರ್ಮ್ ಡೇಟಾ’ ಬರೆದಿರುವುದಿಲ್ಲ, ಇಲ್ಲವೇ ಬಂದ ಕೋರಿಕೆಗೆ ಉತ್ತರಿಸುವ ಕೋಡಾದ ವ್ಯೂನಲ್ಲಿ ‘ರಿಕ್ವೆಸ್ಟ್.ಫೈಲ್ಸ್’ ಕೊಟ್ಟಿರುವುದಿಲ್ಲ. ಎರಡಕ್ಕೂ ತೆರೆಯ ಮೇಲೆ ಬರುವುದು ಒಂದೇ ಸಂದೇಶ. ಫಾರ್ಮಿನ ಎನ್‌ಕೋಡಿಂಗ್ ನೋಡಿ ಎಂದು ಹೇಳುವ ಸಂದೇಶ ಜ್ಯಾಂಗೊದ ಕೋಡಿನಲ್ಲೇ ಇದೆ, ಈ ಸಂದರ್ಭದಲ್ಲಿ ಮಾತ್ರ ಅದು ಬರುವುದಿಲ್ಲ. ಅಧಿಕೃತ ಟ್ಯುಟೋರಿಯಲ್ ಎಂಟು ಭಾಗ ಓದಿ ಮುಗಿಸಿದವರಿಗೂ ಇದು ಗೊತ್ತಿರುವುದಿಲ್ಲ, ಅದರಲ್ಲಿ ಅಪ್‌ಲೋಡ್ ಪಾಠವೇ ಇಲ್ಲ. ಆರನೇ ಭಾಗದಲ್ಲಿ, ಸೈಟಿನ ವಿನ್ಯಾಸಕ್ಕೆ ಬೇಕಾದ ಸ್ಟ್ಯಾಟಿಕ್ ಫೈಲ್ ಬರುತ್ತದೆ. ಬಳಕೆದಾರರು ಹಾಕುವ ಮೀಡಿಯಾ ಫೈಲೂ ಅದೇ ಅಂದುಕೊಳ್ಳುತ್ತಾರೆ. ಆಮೇಲೆ ಸೈಟನ್ನು ಜನರ ಬಳಕೆಗೆ ಬಿಡಲು ಡಿಬಗ್ ಆಫ್ ಮಾಡಿದ ದಿನ ಫೋಟೋಗಳೆಲ್ಲ ಮಾಯ, ಮತ್ತೆ ಫೋನ್.

ಆದರೆ ಇಂಥ ಪ್ರಶ್ನೆಯನ್ನು ಜ್ಯಾಂಗೊ ಬಳಗದಲ್ಲಿ ಎಷ್ಟು ಜನ ಎಷ್ಟು ಸಲ ಕೇಳಿದರೂ ಬೈದು ಕಳಿಸಿದ್ದನ್ನು ನಾನು ಕಂಡಿಲ್ಲ. ಟೆಂಪ್ಲೇಟ್ ತೋರಿಸಿ, ವ್ಯೂ ತೋರಿಸಿ, ದೋಷದ ವರದಿ (ಟ್ರೇಸ್‌ಬ್ಯಾಕ್) ಪೂರ್ತಿ ಕೊಡಿ ಅಂತ ಕೇಳುತ್ತಾರೆ. ಆಮೇಲೆ ಉತ್ತರದ ಜೊತೆ ಕಾರಣವನ್ನೂ ಹೇಳುತ್ತಾರೆ. ರೆಕಾರ್ಡ್ ಅಳಿಸಿದರೂ ಫೈಲ್ ಡಿಸ್ಕಿನಲ್ಲೇ ಏಕೆ ಉಳಿಯುತ್ತದೆ ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಾಗ, 1.3ಕ್ಕಿಂತ ಮೊದಲು ಅಳಿಯುತ್ತಿತ್ತು, ಡೇಟಾಬೇಸಿನ ಬದಲಾವಣೆ ರದ್ದಾಗಿ ಟ್ರಾನ್ಸಾಕ್ಷನ್ ಹಿಂದೆ ಸರಿದರೆ ರೆಕಾರ್ಡ್ ಮರಳಿ ಬಂದು ಫೈಲ್ ಮಾತ್ರ ಶಾಶ್ವತವಾಗಿ ಹೋಗುತ್ತಿತ್ತು, ಅದಕ್ಕೇ ನಿಲ್ಲಿಸಿದರು ಎಂದು ಬಿಡಿಸಿ ಹೇಳಿದರು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ, ಹೆಣ್ಣುಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಜ್ಯಾಂಗೊ ಗರ್ಲ್ಸ್‌ನ ಉಚಿತ ಕಾರ್ಯಾಗಾರಗಳು ಹೊಸಬರನ್ನು ಕರೆತರುವ ಈ ಗುಣವನ್ನು ಇನ್ನಷ್ಟು ಬೆಳೆಸಿವೆ ಎಂದು ನನ್ನ ಅನಿಸಿಕೆ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ಗಳ ಸಹಾಯವಾಣಿಯಲ್ಲಿ ನನಗೆ ಈ ತಾಳ್ಮೆ ಸಿಕ್ಕಿಲ್ಲ.

ಇಂಗ್ಲಿಷ್ ಹೆಸರಿನ ಬಿಲ್ಲು, ರೆಸ್ಯೂಮೆ ಕೂಡಿಡುವವರಾದರೆ ಯೋಚನೆಯಿಲ್ಲದೆ ತೆಗೆದುಕೊಳ್ಳಿ. ಕನ್ನಡದ ಫೈಲುಗಳಾದರೆ ಡೇಟಾಬೇಸಿನ ಕೋಷ್ಟಕ ರಚಿಸುವ ಮೊದಲ ಮೈಗ್ರೇಷನ್‌ನಲ್ಲೇ ಮೂಲ ಹೆಸರಿಗೊಂದು ಕಾಲಮ್ ಸೇರಿಸಿ. ಹೆಸರು ಮುರಿದರೂ ಫೈಲಿನ ಒಳಗಿನದು ಒಂದು ಬೈಟೂ ಬದಲಾಗಿರುವುದಿಲ್ಲ. ಅದಕ್ಕೇ ಮೇಷ್ಟ್ರ ಪೆನ್‌ಡ್ರೈವ್ ತರಿಸಿಕೊಂಡು, ಅದರಲ್ಲಿರುವ ಮೂಲ ಫೋಟೋಗಳ ಚೆಕ್‌ಸಮ್ಮನ್ನು (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ ಗುರುತು) ಸರ್ವರಿನವಕ್ಕೆ ಹೊಂದಿಸಿ, ಹಳೆಯ ಹೆಸರುಗಳನ್ನು ಒಂದೊಂದಾಗಿ ಮರಳಿ ತುಂಬುತ್ತಿದ್ದೇನೆ. ಕೆಳದಿಯವು ಮುಗಿದಿವೆ, ಬಳ್ಳಿಗಾವಿಯವು ನಡೆಯುತ್ತಿವೆ.